ಕೀಮೋಗೆ ಒಂದು ಪೈಸೆ ಇಲ್ಲ, ಜ್ವರಕ್ಕೆ 1,86,400 ರೂಪಾಯಿ: ನಿಮ್ಮ ಲೆಕ್ಕವೂ ಹೀಗೇ ಇದೆಯೇ?

ಬ್ಯಾಡಗಿ ಗುಮಾಸ್ತ

ನಾನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹತ್ತೊಂಬತ್ತು ವರ್ಷಗಳಿಂದ ಮಂದಿಯ ಚೀಲ, ತೂಕ, ಹಮಾಲಿ, ದಲಾಲಿ ಬರೆದು ಬರೆದು ಕಣ್ಣಿಗೆ ಕನ್ನಡಕ ಬಂದಿದೆ. ಎರಡು ತಿಂಗಳಿಂದ ಮನೆಗೂ ಒಂದು ಖಿರ್ದಿ ಇಟ್ಟಿದ್ದೇನೆ. ಅದರ ಒಂದು ಪುಟ ಎಷ್ಟು ಸಲ ಕೂಡಿಸಿದರೂ ತಾಳೆಯಾಗುತ್ತದೆ. ನನ್ನ ಬುದ್ಧಿಗೆ ಮಾತ್ರ ತಾಳೆಯಾಗುತ್ತಿಲ್ಲ.

ಮಗಳಿಗೆ ಆರು ವರ್ಷ, ತೂಕ ಹದಿನಾರು ಕಿಲೋ. ರಕ್ತದ ಕ್ಯಾನ್ಸರ್. ಚೀಟಿಯಲ್ಲಿ ಎ.ಎಲ್.ಎಲ್. ಎಂದು ಬರೆದಿದ್ದಾರೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚಂತೆ, ಸರಿಯಾಗಿ ಔಷಧಿ ಕೊಟ್ಟರೆ ಗುಣವಾಗುವುದೂ ಹೆಚ್ಚಂತೆ. ಎರಡೂವರೆ ವರ್ಷದ ಚಿಕಿತ್ಸೆ, ಹುಬ್ಬಳ್ಳಿಯಲ್ಲಿ ನಡೆದಿದೆ. ನಮ್ಮದು ಬಿಪಿಎಲ್ ಕಾರ್ಡ್. ಸರ್ಕಾರದ ಆರೋಗ್ಯ ಯೋಜನೆಯಿಂದಾಗಿ ಕೀಮೋಗೆ, ಅಂದರೆ ಕ್ಯಾನ್ಸರಿನ ಔಷಧಿಗೆ, ಇದುವರೆಗೆ ಒಂದು ಪೈಸೆ ಕೊಟ್ಟಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ; ಇಲ್ಲದಿದ್ದರೆ ಯೋಜನೆಯನ್ನು ಬೈಯಲು ಬಂದವನೆಂದು ತಿಳಿದೀರಿ.

ಚಿಕಿತ್ಸೆಯ ಮೂರನೆಯ ವಾರ, ಶನಿವಾರ ರಾತ್ರಿ ಒಂಬತ್ತಕ್ಕೆ ಮೈ ಬಿಸಿಯಾಯಿತು. ಥರ್ಮಾಮೀಟರ್ ಇಟ್ಟರೆ 100.8. ಮನೆಯವಳು ಪ್ಯಾರಾಸಿಟಮಾಲ್ ಸಿರಪ್ ಹಾಕಿದಳು, ಜ್ವರ ಇಳಿಯಿತು, ಮಗು ಮಲಗಿತು. ಭಾನುವಾರ ಮಧ್ಯಾಹ್ನ ಮತ್ತೆ ಬಂತು, ಮತ್ತೆ ಸಿರಪ್. ಸಂಜೆ ಆರಕ್ಕೆ ಚಳಿ ಹತ್ತಿ ಹಲ್ಲು ಕಟಕಟ ಎನ್ನತೊಡಗಿತು, ಅಂಗೈ ಮಂಜುಗಡ್ಡೆ. ಕಾರು ಹಿಡಿದು ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಬಿದ್ದೆವು. ಕೀಮೋ ಕೊಡುವ ಆಸ್ಪತ್ರೆಯಲ್ಲಿ ಐಸಿಯು ಹಾಸಿಗೆ ಖಾಲಿ ಇರಲಿಲ್ಲ, ಇನ್ನೊಂದು ಖಾಸಗಿ ಆಸ್ಪತ್ರೆಗೆ ಹೋದೆವು. ಕಾರ್ಡ್ ತೋರಿಸಿದೆ. ಕೌಂಟರಿನ ಹುಡುಗ, "ಯೋಜನೆಯ ಮೇಜು ಬೆಳಿಗ್ಗೆ ತೆರೆಯುತ್ತದೆ, ಸದ್ಯ ನಲವತ್ತು ಸಾವಿರ ಮುಂಗಡ ಕಟ್ಟಿ" ಎಂದ. ನಮ್ಮ ಸಾಹುಕಾರರಿಗೆ ಫೋನ್ ಮಾಡಿ ಕೈಗಡ ಪಡೆದು ಕಟ್ಟಿದೆ. ಬೆಳಿಗ್ಗೆ ಹೋಗಿ ಕೇಳಿದರೆ, "ನೀವು ನಗದು ರೋಗಿ ಎಂದು ದಾಖಲಾಗಿದೆ" ಎಂದರು. ಅಲ್ಲಿಗೆ ಮುಗಿಯಿತು.

ಬಿಳಿ ರಕ್ತಕಣದಲ್ಲಿ ನ್ಯೂಟ್ರೋಫಿಲ್ ಎಂಬುದು 500ಕ್ಕಿಂತ ಕೆಳಗಿಳಿದರೆ ಅಪಾಯವಂತೆ. ಇವಳದು 40 ಇತ್ತು. ಐಸಿಯುನಲ್ಲಿ ನಾಲ್ಕು ದಿನ, ವಾರ್ಡಿನಲ್ಲಿ ಒಂಬತ್ತು ದಿನ. ಬಿಲ್ ಹೀಗಿದೆ: ಔಷಧಿ 82,350. ಐಸಿಯು 32,000. ವಾರ್ಡ್ 13,500. ರಕ್ತಪರೀಕ್ಷೆ, ಕಲ್ಚರ್ (ರಕ್ತದಲ್ಲಿ ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ), ಸ್ಕ್ಯಾನ್ 24,600. ರಕ್ತ ಮತ್ತು ಪ್ಲೇಟ್‌ಲೆಟ್ 19,200. ಇತರೆ 14,750. ಈ "ಇತರೆ" ಎಂಬ ಬಾಬ್ತನ್ನು ನಾನು ನನ್ನ ಸಾಹುಕಾರರ ಮುಂದೆ ಬರೆದರೆ ಅಂದೇ ಕೆಲಸದಿಂದ ತೆಗೆಯುತ್ತಾರೆ.

ನನಗೆ ಕೊರೆಯುತ್ತಿರುವುದು ಔಷಧಿಯ ಬಾಬ್ತು. ಮೆರೊಪೆನೆಮ್ ಎಂಬ ಆಂಟಿಬಯಾಟಿಕ್ ಸೂಜಿಮದ್ದು, ಒಂದು ಗ್ರಾಂ ಸೀಸೆ, ದಿನಕ್ಕೆ ಮೂರು. ಸಿಸ್ಟರ್ ಸೀಸೆಗೆ ನೀರು ಬೆರೆಸಿ ಕಲಕಿ, ಸಿರಿಂಜಿನಲ್ಲಿ ಸ್ವಲ್ಪ ಎಳೆದುಕೊಂಡು, ಉಳಿದದ್ದನ್ನು ಸೀಸೆಸಮೇತ ಡಬ್ಬಿಗೆ ಹಾಕುತ್ತಿದ್ದರು. ಎಷ್ಟು ಎಳೆದಿರಿ ಎಂದು ಕೇಳಿದೆ. 320 ಮಿಲಿಗ್ರಾಂ. ಅಂದರೆ ಮೂರರಲ್ಲಿ ಎರಡು ಪಾಲು ಡಬ್ಬಿಗೆ! ಪೇಟೆಯಲ್ಲಿ ಚೀಲ ಎಣಿಸುವಾಗ ನಾವು ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುತ್ತೇವೆ. ಜೇಬಿನಲ್ಲಿದ್ದ ಹಳೆಯ ಪಟ್ಟಿಯ ಹಿಂದೆ ಹಾಗೆಯೇ ಗೀಟು ಹಾಕುತ್ತ ಹೋದೆ. ಹನ್ನೊಂದು ದಿನಕ್ಕೆ ಆರು ಕಟ್ಟು, ಮೂರು ಬಿಡಿ: 33 ಸೀಸೆ. ಬಿಲ್ಲಿನಲ್ಲಿ 36 ಇತ್ತು. ಗೀಟು ತೋರಿಸಿ ಜಗಳಾಡಿದ ಮೇಲೆ, ಬಳಸದ ಮೂರು ಸೀಸೆ ವಾರ್ಡಿನ ಕಪಾಟಿನಲ್ಲೇ ಉಳಿದಿದ್ದವು ಎಂದು ಗೊತ್ತಾಗಿ ಕಡಿತ ಮಾಡಿದರು. ಮೇಲಿನ ಮೊತ್ತ ಆ ಕಡಿತದ ನಂತರದ್ದು.

ಐದನೆಯ ದಿನವೂ ಜ್ವರ ಬಿಡಲಿಲ್ಲವೆಂದು ಶಿಲೀಂಧ್ರಕ್ಕೆ ಲೈಪೊಸೋಮಲ್ ಆಂಫೊಟೆರಿಸಿನ್ ಹಚ್ಚಿದರು. ದಿನಕ್ಕೆ ಒಂದರಂತೆ ಏಳು ಸೀಸೆ, ಒಂದಕ್ಕೆ 5,400. ಇಷ್ಟಾಗಿ ರಕ್ತದ ಕಲ್ಚರ್‌ನಲ್ಲಿ ಕೊನೆಗೂ ಏನೂ ಬೆಳೆಯಲಿಲ್ಲ.

ಮಗಳು ಈಗ ಮನೆಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಗಿವೆ. ಇನ್ನೂ ಎರಡು ವರ್ಷಕ್ಕಿಂತ ಹೆಚ್ಚಿನ ಚಿಕಿತ್ಸೆ ಇದೆ, ಜ್ವರ ಮತ್ತೆ ಬರುತ್ತದೆ ಎಂದು ವೈದ್ಯರೇ ಹೇಳಿದ್ದಾರೆ. ಈ ದಾರಿಯಲ್ಲಿ ಹೋಗಿ ಬಂದವರು ಹೇಳಿ: ಇದರಲ್ಲಿ ಯಾವ ಖರ್ಚು ತಪ್ಪಿಸಬಹುದಾಗಿತ್ತು, ಯಾವುದು ತಪ್ಪುವಂಥದ್ದಲ್ಲ?

ಸಾಧನಕೇರಿ ತಾಯಿ

ಅಣ್ಣಾವರೆ, ನಿಮ್ಮ ಗೀಟಿನ ಲೆಕ್ಕ ಓದಿ ನಗು ಬಂತು, ಹಿಂದೆಯೇ ಅಳುವೂ ಬಂತು. ನನ್ನ ಮಗನಿಗೂ ಇದೇ ಕಾಯಿಲೆ. ಔಷಧಿ ಮುಗಿದು ಎರಡು ವರ್ಷವಾಯಿತು, ಈಗ ನಾಲ್ಕನೆಯ ತರಗತಿ. ಐದು ಸಲ ಜ್ವರಕ್ಕೆ ಸೇರಿಸಿದ್ದೇವೆ. ಮೊದಲನೆಯದರಲ್ಲಿ ನಾವೂ ಒಂದು ಲಕ್ಷದ ಮೇಲೆ ಕಳೆದೆವು. ಐದನೆಯದರ ಹೊತ್ತಿಗೆ ಜಾಣರಾಗಿದ್ದೆವು.

ಮೊದಲು ಆ ಸಿರಪ್ ಬಾಟಲಿಯನ್ನು ಕೈಗೆ ಸಿಗದ ಕಡೆ ಇಡಿ. ಅದು ಜ್ವರವನ್ನು ಮುಚ್ಚುತ್ತದೆ, ಸೋಂಕನ್ನು ಮುಟ್ಟುವುದಿಲ್ಲ. ನೀವು ಶನಿವಾರ ರಾತ್ರಿಯಿಂದ ಭಾನುವಾರ ರಾತ್ರಿಯವರೆಗೆ ಕಳೆದದ್ದು ಒಂದು ಇಡೀ ದಿನ. ನಮ್ಮ ವೈದ್ಯರು ಹೇಳಿದ್ದು ಒಂದು ಗಂಟೆ: ಆಸ್ಪತ್ರೆಯ ಬಾಗಿಲು ದಾಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್‌ನ ಮೊದಲ ಡೋಸ್ ಮೈಗೆ ಹೋಗಬೇಕು. ಮೊದಲ ಸಲ ನಾನೂ ನಿಮ್ಮ ಹಾಗೆಯೇ ಸಿರಪ್ ಹಾಕಿ ದೇವರ ಮುಂದೆ ಕೂತಿದ್ದೆ, ಆದ್ದರಿಂದ ಬೈಯುತ್ತಿಲ್ಲ.

ನಮ್ಮ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ನೇತುಹಾಕಿದ್ದೆ. ಫೈಲು, ಕಾರ್ಡು, ಆಧಾರ್, ಎರಡು ಜೊತೆ ಬಟ್ಟೆ, ಐದು ಸಾವಿರ ರೂಪಾಯಿ, ಥರ್ಮಾಮೀಟರ್. ಆ ಐದು ಸಾವಿರವನ್ನು ಮನೆಗೆ ಸಕ್ಕರೆ ಇಲ್ಲದಿದ್ದರೂ ಮುಟ್ಟುತ್ತಿರಲಿಲ್ಲ. ಜೊತೆಗೆ ವೈದ್ಯರಿಂದ ಅವರ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿ ಲ್ಯಾಮಿನೇಷನ್ ಮಾಡಿಸಿದ್ದೆ: ಈ ಮಗು ಕೀಮೋದಲ್ಲಿದೆ, ಜ್ವರ 100.4 ದಾಟಿದರೆ ರಕ್ತದ ಕಲ್ಚರ್ ತೆಗೆದು ಇಂಥ ಔಷಧಿ ಇಷ್ಟು ಮಿಲಿಗ್ರಾಂ ಕೂಡಲೇ ಕೊಡಿ, ಗುದದ್ವಾರದಲ್ಲಿ ಥರ್ಮಾಮೀಟರ್ ಆಗಲಿ ಔಷಧಿಯಾಗಲಿ ಬೇಡ. ಕೆಳಗೆ ಅವರ ಫೋನ್ ನಂಬರು. ರಾತ್ರಿ ಪಾಳಿಯ ಎಳೆಯ ವೈದ್ಯರಿಗೆ ಆ ಹಾಳೆ ನನ್ನ ಅಳುವಿಗಿಂತ ಬೇಗ ಅರ್ಥವಾಗುತ್ತಿತ್ತು.

ಕ್ಯಾಲೆಂಡರ್‌ನಲ್ಲಿ ಕೀಮೋ ಕೊಟ್ಟ ದಿನದಿಂದ ಏಳನೆಯದರಿಂದ ಹದಿನಾಲ್ಕನೆಯ ದಿನದವರೆಗೆ ಕೆಂಪು ಗೆರೆ ಎಳೆಯುತ್ತಿದ್ದೆ. ರಕ್ತಕಣ ಕುಸಿಯುವುದು ಸಾಮಾನ್ಯವಾಗಿ ಆಗಲೇ. ಆ ದಿನಗಳಲ್ಲಿ ಮದುವೆ, ಜಾತ್ರೆ, ಬಸ್ಸು ಎಲ್ಲ ಬಂದ್. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಸಿ ಈರುಳ್ಳಿ, ಮೂಲಂಗಿ ತಿನ್ನದೆ ನಮ್ಮ ಕಡೆಯ ಮಂದಿಗೆ ಊಟ ಇಳಿಯುವುದಿಲ್ಲ; ಮನೆಯವರೆಲ್ಲ ಎರಡು ವರ್ಷ ಬಿಟ್ಟೆವು. ಇಲ್ಲದಿದ್ದರೆ ಮಗು ತಾಟಿಗೆ ಕೈ ಹಾಕುತ್ತಿತ್ತು. ಅಂದಹಾಗೆ, ನೀವು ಪೇಟೆಯಿಂದ ಬಂದವರು ಮೆಣಸಿನಕಾಯಿ ಧೂಳಿನ ಅಂಗಿಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತೀರೋ ಹೇಗೆ?

ಹರಿಹರಸುತ

ನಮ್ಮ ಸಂಬಂಧಿಕರೊಬ್ಬರಿಗೆ ಪಪ್ಪಾಯಿ ಎಲೆಯ ರಸ, ಅಮೃತಬಳ್ಳಿ ರಸ ಕುಡಿಸಿದ ಮೇಲೆ ರಕ್ತಕಣ ಏರಿತು. ಖರ್ಚೇ ಇಲ್ಲ. ಇಷ್ಟೆಲ್ಲ ಸೂಜಿ ಬೇಕೇ?

ನಿವೃತ್ತ ಸಿಸ್ಟರ್, ವಿದ್ಯಾನಗರ

ಬೇಡಪ್ಪಾ, ದಯವಿಟ್ಟು ಇಂಥದ್ದನ್ನು ಇಲ್ಲಿ ಬರೆಯಬೇಡಿ. ಕೀಮೋದ ನಂತರ ರಕ್ತಕಣ ತನ್ನ ಹೊತ್ತಿಗೆ ತಾನೇ ಏರುತ್ತದೆ. ಆ ದಿನ ಯಾರು ಏನು ಕುಡಿಸಿದ್ದರೋ ಅದಕ್ಕೆ ಹೆಸರು ಬರುತ್ತದೆ. ನ್ಯೂಟ್ರೋಫಿಲ್ 40 ಇರುವ ಮಗುವಿಗೆ ಕೈತೋಟದ ಎಲೆ ಅರೆದ ಹಸಿ ರಸ ಕುಡಿಸುವುದೆಂದರೆ ಮಣ್ಣಿನ ಕ್ರಿಮಿಯನ್ನು ಲೋಟದಲ್ಲಿ ಕೊಟ್ಟ ಹಾಗೆ.

ಗುಮಾಸ್ತರೆ, ನಿಮ್ಮ ಸೀಸೆಯ ವಿಷಯಕ್ಕೆ ಬರುತ್ತೇನೆ. ಕಲಸಿದ ಮೆರೊಪೆನೆಮ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಂಟು ಗಂಟೆಯ ನಂತರದ ಡೋಸಿಗೆಂದು ವಾರ್ಡಿನ ಮೇಜಿನ ಮೇಲೆ ಇಟ್ಟರೆ ಶಕ್ತಿಯೂ ಇಳಿಯುತ್ತದೆ, ಕ್ರಿಮಿಯೂ ಸೇರಬಹುದು. ಆದ್ದರಿಂದ ಸಿಸ್ಟರ್ ಚೆಲ್ಲಿದ್ದು ಸರಿ. ತಪ್ಪಿದ್ದು ಸೀಸೆಯ ಅಳತೆ. ಈ ಔಷಧಿ 125, 250, 500 ಮಿಲಿಗ್ರಾಂ ಸೀಸೆಗಳಲ್ಲೂ ಬರುತ್ತದೆ. ನಿಮ್ಮ ಮಗಳ 320ಕ್ಕೆ ಒಂದು 250, ಒಂದು 125 ಸಾಕು. ಅದೂ ಸಿಗದಿದ್ದರೆ 500. ಔಷಧಿ ಅಂಗಡಿಯವರು ಸುಮ್ಮನೆ ದೊಡ್ಡದನ್ನೇ ಕೊಡುತ್ತಾರೆ, ಯಾಕೆಂದರೆ ದೊಡ್ಡವರಿಗೆ ಅದೇ ಓಡುತ್ತದೆ. ಡೋಸ್ ಬರೆದ ಕೂಡಲೇ "ಚಿಕ್ಕ ಸೀಸೆ ಬರೆದುಕೊಡಿ" ಎಂದು ವೈದ್ಯರನ್ನೇ ಕೇಳಬೇಕು. ಯಾರೂ ಬೈಯುವುದಿಲ್ಲ. ಇದೇ ಔಷಧಿ ಜನೌಷಧಿ ಕೇಂದ್ರದ ಪಟ್ಟಿಯಲ್ಲೂ ಇದೆ. ಹೊರಗಿನಿಂದ ತರಲು ಬಿಡುವ ಆಸ್ಪತ್ರೆಯಾದರೆ ಒಮ್ಮೆ ವಿಚಾರಿಸಿ.

ಆಂಫೊಟೆರಿಸಿನ್ ಕಥೆ ಬೇರೆ. ಅದು 50 ಮಿಲಿಗ್ರಾಂ ಸೀಸೆ, ಕಿಲೋಗೆ 3ರಂತೆ ನಿಮ್ಮ ಮಗಳಿಗೆ 48. ಚೆಲ್ಲಿದ್ದು ಎರಡೇ ಮಿಲಿಗ್ರಾಂ, ಅಲ್ಲಿ ಉಳಿಸಲು ಏನೂ ಇಲ್ಲ. ಹಳೆಯ ಬಗೆಯ ಆಂಫೊಟೆರಿಸಿನ್ ಬಹಳ ಅಗ್ಗ, ಆದರೆ ಮೂತ್ರಪಿಂಡಕ್ಕೆ ಪೆಟ್ಟು, ಪೊಟ್ಯಾಸಿಯಂ ಕುಸಿತ, ಡ್ರಿಪ್ ಹಾಕಿದಾಗಲೆಲ್ಲ ಚಳಿ ನಡುಕ. ನನ್ನ ಕಾಲದಲ್ಲಿ ಅದನ್ನೇ ನಾಲ್ಕು ಗಂಟೆ, ಆರು ಗಂಟೆ ನಿಧಾನವಾಗಿ ಬಿಡುತ್ತ ಮಗುವಿನ ಪಕ್ಕ ಕಂಬಳಿ ಹಿಡಿದು ಕೂರುತ್ತಿದ್ದೆವು. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಲೈಪೊಸೋಮಲ್ ಸೀಸೆಗೆ ಜನ ಊರೂರು ಅಲೆದದ್ದು ನೆನಪಿರಬೇಕಲ್ಲ, ಅದೇ ಔಷಧಿ ಇದು. ಆಂಟಿಬಯಾಟಿಕ್ ಕೊಟ್ಟು ನಾಲ್ಕು ದಿನವಾದರೂ ಜ್ವರ ಬಿಡದಿದ್ದರೆ, ರಕ್ತಕಣವೂ ಏರದಿದ್ದರೆ, ಶಿಲೀಂಧ್ರ ಇರಬಹುದೆಂದು ಹಚ್ಚುತ್ತಾರೆ. ಆ 37,800ಕ್ಕೆ ನಾನು ತಕರಾರು ಎತ್ತುವುದಿಲ್ಲ.

ಕಲ್ಚರ್‌ನಲ್ಲಿ ಏನೂ ಬೆಳೆಯದಿರುವುದು ಇಂಥ ಜ್ವರಗಳಲ್ಲಿ ಬಹಳ ಸಾಮಾನ್ಯ. ದುಡ್ಡು ದಂಡವಾಯಿತೆಂದು ತಿಳಿಯಬೇಡಿ. ಏನೂ ಬೆಳೆದಿಲ್ಲ, ಜ್ವರ ಇಳಿದಿದೆ, ರಕ್ತಕಣ ಏರುತ್ತಿದೆ ಎಂಬ ಮೂರೂ ಸೇರಿದರೇ ಆಂಟಿಬಯಾಟಿಕ್ ನಿಲ್ಲಿಸುವ ಧೈರ್ಯ ವೈದ್ಯರಿಗೆ ಬರುತ್ತದೆ. ಕಲ್ಚರ್ ತೆಗೆಯದೆ ಮೊದಲ ಸೂಜಿ ಹಾಕಿಬಿಟ್ಟರೆ ಆ ದಾರಿ ಮಸುಕಾಗುತ್ತದೆ.

ಬ್ಯಾಡಗಿ ಗುಮಾಸ್ತ

ಅಕ್ಕಾವರೆ, ಸಿಸ್ಟರ್, ಇಬ್ಬರಿಗೂ ನಮಸ್ಕಾರ. ಒಂದು ಗಂಟೆಯ ಮಾತನ್ನು ನಮ್ಮ ವೈದ್ಯರೂ ಹೇಳಿದ್ದರಂತೆ, ಹೆಂಡತಿ ಈಗ ನೆನಪಿಸಿದಳು. ಆ ದಿನ ನಲವತ್ತು ಮಾತು ಹೇಳಿದ್ದರು. ಕ್ಯಾನ್ಸರ್ ಎಂಬ ಒಂದು ಕಿವಿಗೆ ಬಿದ್ದ ಮೇಲೆ ಉಳಿದ ಮೂವತ್ತೊಂಬತ್ತು ಬೀಳಲೇ ಇಲ್ಲ.

ಮೆಣಸಿನಕಾಯಿ ಧೂಳಿನ ಮಾತು ನಿಜ, ನನಗೆ ಹೊಳೆದಿರಲಿಲ್ಲ. ಇಂದಿನಿಂದ ಹಿತ್ತಲ ಬಾಗಿಲಿಂದ ಬಂದು ಸ್ನಾನ ಮಾಡಿ ಒಳಗೆ ಹೋಗುತ್ತೇನೆ. ಹಾಗೆಯೇ ಲೆಕ್ಕ ಹಾಕಿದೆ: 33 ಸೀಸೆಯಲ್ಲಿ ಚೆಲ್ಲಿದ್ದು ಇಪ್ಪತ್ತೆರಡು ಗ್ರಾಂ ಚಿಲ್ಲರೆ. ಸೀಸೆಗೆ 900 ರೂಪಾಯಿ ಬಿದ್ದಿದೆ. ಗುಣಾಕಾರ ನೀವೇ ಮಾಡಿಕೊಳ್ಳಿ, ನನಗೆ ಮತ್ತೆ ಮಾಡುವ ಮನಸ್ಸಿಲ್ಲ.

ಗದಗ-ಬೆಟಗೇರಿ

ನಾನು ಕೆಲವು ವರ್ಷ ಆರೋಗ್ಯಮಿತ್ರನಾಗಿ, ಅಂದರೆ ಆಸ್ಪತ್ರೆಯಲ್ಲಿ ಯೋಜನೆಯ ಮೇಜಿನ ಹಿಂದೆ ಕೂತು, ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ಇವರ ಪ್ರಕರಣದಲ್ಲಿ ಹಣ ಹೋದದ್ದು ಕೌಂಟರಿನ ಎದುರು, ಆ ನಲವತ್ತು ಸಾವಿರ ಕಟ್ಟಿದ ಗಳಿಗೆಯಲ್ಲಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಇದು ಎಲ್ಲರಿಗೂ ಗೊತ್ತು. ಗೊತ್ತಿರದಿರುವುದು ಏನೆಂದರೆ, ಕೀಮೋಗೆ ಸಿಕ್ಕ ಮಂಜೂರಾತಿ ಕೀಮೋಗೆ ಮಾತ್ರ. ಜ್ವರದ ದಾಖಲಾತಿ ಹೊಸ ಪ್ರಕರಣ, ಅದಕ್ಕೆ ಬೇರೆ ಮಂಜೂರಾತಿ ಬೇಕು. ಮಂದಿ "ಮಗಳ ಹೆಸರು ಯೋಜನೆಯಲ್ಲಿ ಇದೆಯಲ್ಲ" ಎಂದು ನಂಬಿ ಕೂರುತ್ತಾರೆ, ಕಂಪ್ಯೂಟರಿನಲ್ಲಿ ಜ್ವರದ ಹೆಸರೇ ಇರುವುದಿಲ್ಲ.

ತುರ್ತು ಸ್ಥಿತಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಿಲ್ಲ, ನೇರವಾಗಿ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬಹುದು. ಆದ್ದರಿಂದ ಇಂದೇ, ಜ್ವರ ಇಲ್ಲದ ದಿನ, ಮಕ್ಕಳ ಐಸಿಯು ಇದ್ದು ಪಟ್ಟಿಯಲ್ಲೂ ಇರುವ ಎರಡು ಆಸ್ಪತ್ರೆ ಯಾವುವು ಎಂದು ವಿಚಾರಿಸಿ ಚೀಲದ ಮೇಲೆ ಬರೆದಿಡಿ. ಒಂದರಲ್ಲಿ ಹಾಸಿಗೆ ಇಲ್ಲದಿದ್ದರೆ ಇನ್ನೊಂದು. ರಾತ್ರಿ ಮೇಜು ಮುಚ್ಚಿದ್ದರೆ, ದಾಖಲಾತಿ ಹಾಳೆಯ ಮೇಲೆಯೇ "ಕಾರ್ಡ್ ತೋರಿಸಲಾಗಿದೆ" ಎಂದು ಗಂಟೆ ಸಮೇತ ಬರೆಸಿಕೊಳ್ಳಿ. ಕೌಂಟರಿನ ಎದುರೇ ನಿಂತು ಸರ್ಕಾರದ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಬಾಯಿಮಾತಿನಲ್ಲಿ ತೋರಿಸಿದ ಕಾರ್ಡ್, ತೋರಿಸದ ಕಾರ್ಡ್ ಎರಡೂ ಒಂದೇ.

ಆಸ್ಪತ್ರೆಯವರ ಕಷ್ಟವನ್ನೂ ಹೇಳಬೇಕು. ಇಂಥ ಒಳರೋಗಿ ಚಿಕಿತ್ಸೆಗೆ ಯೋಜನೆ ಕೊಡುವುದು ಮೊದಲೇ ಗೊತ್ತುಮಾಡಿದ ದರ. ಹಾಸಿಗೆ, ಪರೀಕ್ಷೆ, ಔಷಧಿ ಎಲ್ಲ ಅದರೊಳಗೇ. ಮಗುವಿಗೆ 5,400ರ ಸೀಸೆ ದಿನಕ್ಕೊಂದು ಬೇಕಾದರೆ ಆ ದರದ ದೊಡ್ಡ ಪಾಲನ್ನು ಅದೇ ನುಂಗುತ್ತದೆ. "ನಗದು ರೋಗಿ" ಎಂದು ಬರೆಯುವ ಆಸೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಳಗಿದ್ದು ನೋಡಿದ್ದೇನೆ. ಕ್ಷಮಿಸಿದ್ದೇನೆ ಎಂದಲ್ಲ.

ಆದದ್ದಕ್ಕೆ ಒಂದು ದಾರಿ ಉಳಿದಿದೆ. ಮೂಲ ಬಿಲ್ಲು, ಡಿಸ್ಚಾರ್ಜ್ ಸಾರಾಂಶ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಹಿಡಿದು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಿ, ಶಾಸಕರ ಪತ್ರ ಜೊತೆಗಿರಲಿ. ಪೂರ್ತಿ ಬರುತ್ತದೆಂಬ ಆಸೆ ಇಟ್ಟುಕೊಳ್ಳಬೇಡಿ. ಮೂಲ ಬಿಲ್ಲನ್ನು ಯಾರ ಕೈಗೂ ಸುಮ್ಮನೆ ಕೊಡಬೇಡಿ, ಮೊದಲು ಜೆರಾಕ್ಸ್.

ಸಾಧನಕೇರಿ ತಾಯಿ

ಇದನ್ನು ಮೂರು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ!

ಬ್ಯಾಡಗಿ ಗುಮಾಸ್ತ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಎರಡನೆಯ ಜ್ವರ ಬಂದು ಹೋಯಿತು.

ಗುರುವಾರ, ಪೇಟೆಯ ದಿನ. ಟೆಂಡರ್ ಚೀಟಿ ಬರೆಯುತ್ತಿದ್ದಾಗ ಸಂಜೆ 6.40ಕ್ಕೆ ಮನೆಯಿಂದ ಫೋನ್: 100.6. ಚೀಲ ಹೆಗಲಿಗೆ ಹಾಕಿಕೊಂಡು ನೇರ ಹಾವೇರಿಗೆ ಹೋದೆವು, ಜಿಲ್ಲಾ ಆಸ್ಪತ್ರೆಗೆ. ಪತ್ರ ತೋರಿಸಿದೆ. ಅಲ್ಲಿದ್ದ ಎಳೆಯ ವೈದ್ಯರು ಅದನ್ನು ಎರಡು ಸಲ ಓದಿದರು, ಕೆಳಗಿನ ನಂಬರಿಗೆ ಫೋನ್ ಹಚ್ಚಿ ಮಾತಾಡಿದರು, ಕಲ್ಚರ್‌ಗೆ ರಕ್ತ ತೆಗೆದು 7.55ಕ್ಕೆ ಮೊದಲ ಸೂಜಿ ಹಾಕಿದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ. ಈ ಸಲ ಕೀಮೋ ಆಸ್ಪತ್ರೆಯಲ್ಲೇ ಹಾಸಿಗೆ ಇತ್ತು. ಮೇಜು ಮುಚ್ಚಿತ್ತು, ಹಾಳೆಯ ಮೇಲೆ ಬರೆಸಿಕೊಂಡೆ. ಬರೆಯಲು ಆ ಮನುಷ್ಯ ಹತ್ತು ನಿಮಿಷ ಹಿಂದೆಮುಂದೆ ನೋಡಿದ, ನಾನು ಫೋನಿನಲ್ಲಿ 104 ಒತ್ತಿ ಅವನ ಮುಂದೆ ಹಿಡಿದೆ. ಬೆಳಿಗ್ಗೆ ಹನ್ನೊಂದಕ್ಕೆ ಮಂಜೂರಾತಿ ಬಂತು.

ಐದು ದಿನ, ಐಸಿಯು ಇಲ್ಲ. ನ್ಯೂಟ್ರೋಫಿಲ್ 210ಕ್ಕೆ ಇಳಿದಿತ್ತು, ನಾಲ್ಕನೆಯ ದಿನ 600 ದಾಟಿತು. ಕೈಯಿಂದ ಹೋದದ್ದು 4,870 ರೂಪಾಯಿ: ಊಟ, ಓಡಾಟ, ಹೊರಗಿನಿಂದ ತಂದ ಒಂದು ಔಷಧಿ, ನನ್ನ ಬಸ್ ಚಾರ್ಜು. ಮನೆಯವಳಿಗೆ ಬಸ್ಸು ಉಚಿತ. ಐದು ದಿನದ ಪಗಾರ ಹೋಯಿತು, ಅದನ್ನು ಬೇರೆ ಬಾಬ್ತಿನಲ್ಲಿ ಬರೆದಿದ್ದೇನೆ. ಸಿಸ್ಟರ್, ಈ ಸಲವೂ ಮೊದಲ ದಿನ ಒಂದು ಗ್ರಾಂ ಸೀಸೆಯನ್ನೇ ತಂದಿದ್ದರು. ಕಾರ್ಡಿನ ಮೇಲೆ ನಡೆಯುತ್ತಿದ್ದರೂ ಚೀಟಿ ಬದಲಿಸಿಕೊಡಿ ಎಂದೆ. "ನಿಮ್ಮ ದುಡ್ಡಲ್ಲವಲ್ಲ, ನಿಮಗೇಕೆ?" ಎಂದು ಫಾರ್ಮಸಿಯವನು ಕೇಳಿದ. 5 ಲಕ್ಷದೊಳಗೆ ವರ್ಷ ದೂಡಬೇಕಾದವನು ನಾನಲ್ಲವೇ! 250 ಸಿಕ್ಕಿತು, 125 ಸಿಗಲಿಲ್ಲ. 500 ತೆಗೆದುಕೊಂಡೆವು.

ಖಿರ್ದಿಯಲ್ಲಿ ಈಗ ರೂಪಾಯಿಯ ಪಕ್ಕ ಗಂಟೆಯ ಕಾಲಂ ಒಂದನ್ನು ಗೀರಿದ್ದೇನೆ. ಪರಿಹಾರ ನಿಧಿಯ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಬಳೆ ಇನ್ನೂ ಸೊಸೈಟಿಯಲ್ಲೇ ಇವೆ. ಜನವರಿ ದಾಟಿ ಹೊಸ ಮೆಣಸಿನಕಾಯಿ ಪೇಟೆಗೆ ಬಂದರೆ ಸಾಹುಕಾರರು ಹಂಗಾಮಿನ ಭಕ್ಷೀಸು ಕೊಡುತ್ತಾರೆ, ಆಗ ಬಿಡಿಸಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ 125ರ ಸೀಸೆ ಇಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.